ಕಣದ ಅಳತೆ, ಕಡತದ ಅಂದಾಜು: 2021ರ ಪಿಯುಸಿ ಫಲಿತಾಂಶ ಮತ್ತು ಮೇಲ್ಮನವಿಯ ಪ್ರಶ್ನೆ

ಹಾಸನ ತಾಲ್ಲೂಕಿನ ಕೊರವಂಗಲವು ಹೊಯ್ಸಳ ವಾಸ್ತುಶಿಲ್ಪದ ಅಧ್ಯಯನಕಾರರಿಗೆ ಪರಿಚಿತವಾದ ಗ್ರಾಮ. ಎರಡನೆಯ ವೀರಬಲ್ಲಾಳನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1173ರಲ್ಲಿ, ಬೂಚಿರಾಜನು ಇಲ್ಲಿ ಬೂಚೇಶ್ವರ ದೇವಾಲಯವನ್ನು ಕಟ್ಟಿಸಿದನು. ಆ ಕಾಲದ ದಾನಶಾಸನಗಳು ಕೊಟ್ಟವರಾರು, ಕೊಟ್ಟದ್ದೆಷ್ಟು, ಅದರ ಎಲ್ಲೆ ಯಾವುದು ಎಂಬುದನ್ನು ಕಲ್ಲಿನಲ್ಲಿ ಬರೆಯಿಸಿ ಜನರ ಕಣ್ಣೆದುರು ನಿಲ್ಲಿಸಿದವು. ತಕರಾರು ಹುಟ್ಟಿದಾಗ ನೋಡಲು ಒಂದು ದಾಖಲೆ ಇರಬೇಕು, ಅದು ಎಲ್ಲರಿಗೂ ಕಾಣುವ ಸ್ಥಳದಲ್ಲಿರಬೇಕು ಎಂಬ ತಿಳಿವಳಿಕೆ ಈ ಪದ್ಧತಿಯ ಹಿಂದಿದೆ.

ಜನಪದರ ಬದುಕಿನಲ್ಲಿ ಇದೇ ತಿಳಿವಳಿಕೆ ಕಣದಲ್ಲಿ ಕಾಣಸಿಗುತ್ತದೆ. ರಾಗಿಯ ರಾಶಿಯನ್ನು ಪೂಜಿಸಿ ಅಳೆಯುವಾಗ ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಕೂಗಿ, ಮುಂದಿನವುಗಳನ್ನು ಎಣಿಸಿ ಹೇಳುವ ರೂಢಿ ಹಳೆಯ ಮೈಸೂರು ಸೀಮೆಯಲ್ಲಿತ್ತು. ಹೊಲದೊಡೆಯ, ದುಡಿದವರು, ಆಯ ಪಡೆಯಲು ಬಂದ ಕಮ್ಮಾರ, ಕುಂಬಾರ, ತಳವಾರ ಎಲ್ಲರೂ ಆ ಎಣಿಕೆಗೆ ಸಾಕ್ಷಿಗಳು. ಅನುಮಾನ ಬಂದರೆ ರಾಶಿ ಕಣ್ಣೆದುರೇ ಇರುತ್ತಿತ್ತು, ಮತ್ತೆ ಅಳೆಯಬಹುದಿತ್ತು. ಪೈರು ನಿಂತಿರುವಾಗಲೇ ಫಸಲನ್ನು ಅಂದಾಜು ಮಾಡುವುದು ಬೇರೆಯ ಮಾತು. ಅಲ್ಲಿ ಅಳೆಯುವವನ ಕೊಳಗಕ್ಕಿಂತ ನೋಡುವವನ ಕಣ್ಣು ಮುಖ್ಯ. ಮರು ಅಳತೆಗೆ ರಾಶಿಯೇ ಇಲ್ಲದಿರುವುದರಿಂದ ಅಂದಾಜಿನ ಮೇಲಿನ ತಕರಾರು ಅಧಿಕಾರಿಯ ಮೇಲಿನ ತಕರಾರಾಗಿಬಿಡುತ್ತದೆ.

ಶಾಲಾ ಪರೀಕ್ಷೆಯೂ ಒಂದು ಅಳತೆಯೇ. ಉತ್ತರಪತ್ರಿಕೆ ಅದರ ರಾಶಿ. ಮರು ಎಣಿಕೆ, ಮರು ಮೌಲ್ಯಮಾಪನ, ಛಾಯಾಪ್ರತಿ ಪಡೆಯುವ ಅವಕಾಶಗಳೆಲ್ಲ ಆ ಪತ್ರಿಕೆ ಉಳಿದಿದೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಮೌಲ್ಯಮಾಪನಗೊಂಡ ಉತ್ತರಪತ್ರಿಕೆಯೂ ಮಾಹಿತಿಯೇ ಎಂದು 2011ರ ಆಗಸ್ಟ್ 9ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತ ಮೇಲೆ ಈ ಹಕ್ಕಿಗೆ ಮಾಹಿತಿ ಹಕ್ಕು ಕಾಯಿದೆಯ ಬಲವೂ ಒದಗಿತು. 2021ರಲ್ಲಿ ಕರ್ನಾಟಕದ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಇಲ್ಲವಾದದ್ದು ಈ ರಾಶಿಯೇ.

ಕೋವಿಡ್ ಎರಡನೆಯ ಅಲೆಯ ಕಾರಣ 2021ರ ಜೂನ್ 4ರಂದು ಶಿಕ್ಷಣ ಸಚಿವ ಎಸ್. ಸುರೇಶ್ ಕುಮಾರ್ ಅವರು ಪರೀಕ್ಷೆ ರದ್ದಾದುದನ್ನು ಪ್ರಕಟಿಸಿದರು. ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳಿಗೆ ಆಧಾರವಾಗಬಲ್ಲ ಹಿಂದಿನ ಪರೀಕ್ಷೆಯ ಅಂಕಗಳು ಇರಲಿಲ್ಲವಾದ್ದರಿಂದ ಅವರಿಗೆ ಜುಲೈ 19 ಮತ್ತು 22ರಂದು ಬಹು ಆಯ್ಕೆಯ ಪರೀಕ್ಷೆ ನಡೆಯಿತು. ಪಿಯುಸಿಯವರಿಗೆ ಹಿಂದಿನ ಅಂಕಗಳಿದ್ದವು. ಎಸ್ಸೆಸ್ಸೆಲ್ಸಿಗೆ ಶೇ. 45, ಪ್ರಥಮ ಪಿಯುಸಿಗೆ ಶೇ. 45, ದ್ವಿತೀಯ ವರ್ಷದ ಆಂತರಿಕ ಮೌಲ್ಯಮಾಪನಕ್ಕೆ ಶೇ. 10 ಎಂಬ ಸೂತ್ರದಂತೆ ಜುಲೈ 20ರಂದು ಫಲಿತಾಂಶ ಹೊರಬಿತ್ತು. 6 ಲಕ್ಷ 66 ಸಾವಿರಕ್ಕೂ ಹೆಚ್ಚು ಹೊಸ ಅಭ್ಯರ್ಥಿಗಳೆಲ್ಲರೂ ತೇರ್ಗಡೆಯಾದರು. ಹಿಂದಿನ ವರ್ಷದ ಪ್ರಮಾಣ ಶೇ. 61.80 ಆಗಿತ್ತು. 600ಕ್ಕೆ 600 ಪಡೆದವರು 2,239 ಮಂದಿ. ಅವರಲ್ಲಿ ವಿಜ್ಞಾನದವರು 1,929, ವಾಣಿಜ್ಯದವರು 292, ಕಲಾ ವಿಭಾಗದವರು 18.

ಹಾಸನ ಜಿಲ್ಲೆಯ ಮಟ್ಟಿಗೆ ಈ ಸೂತ್ರಕ್ಕೆ ವಿಶೇಷ ಅರ್ಥವಿದೆ. 2021ರ ಪಿಯುಸಿ ವಿದ್ಯಾರ್ಥಿಗಳು ಸಾಮಾನ್ಯವಾಗಿ 2019ರಲ್ಲಿ ಎಸ್ಸೆಸ್ಸೆಲ್ಸಿ ಬರೆದವರು. ಆ ವರ್ಷ ಹಾಸನವು ಶೇ. 89.33ರ ಫಲಿತಾಂಶದೊಡನೆ ರಾಜ್ಯಕ್ಕೆ ಮೊದಲ ಸ್ಥಾನ ಪಡೆದಿತ್ತು. ಹಳ್ಳಿಯ ಪ್ರೌಢಶಾಲೆಯ ಆ ಸಾಧನೆ ಎರಡು ವರ್ಷಗಳ ಬಳಿಕ ವಿದ್ಯಾರ್ಥಿಯ ಕೈಹಿಡಿಯಿತು. ಆದರೆ ಕನ್ನಡ ಮಾಧ್ಯಮದಲ್ಲಿ ಓದಿ ವಿಜ್ಞಾನಕ್ಕೆ ಸೇರಿದ ವಿದ್ಯಾರ್ಥಿಗೆ ಇಂಗ್ಲಿಷಿನ ಪಾಠ ಎದುರಾಗುವುದು ಪ್ರಥಮ ಪಿಯುಸಿಯಲ್ಲಿ. ಅಲ್ಲಿ ಎಡವಿ, ಎರಡನೆಯ ವರ್ಷ ಚೇತರಿಸಿಕೊಳ್ಳುವವರ ಎಡವಿದ ವರ್ಷಕ್ಕೆ 45, ಚೇತರಿಕೆಯ ವರ್ಷಕ್ಕೆ 10 ಎಂಬುದು ಈ ಸೂತ್ರದ ಲೆಕ್ಕ. ಸೂತ್ರ ಎಲ್ಲರಿಗೂ ಒಂದೇ; ಅದರ ಭಾರ ಎಲ್ಲರಿಗೂ ಒಂದೇ ಅಲ್ಲ.

ಪಾರದರ್ಶಕತೆಯ ದೃಷ್ಟಿಯಿಂದ ಕರ್ನಾಟಕದ ಕ್ರಮವನ್ನು ಹಗುರವಾಗಿ ಕಾಣುವಂತಿಲ್ಲ. 2020ರ ಆಗಸ್ಟ್ 13ರಂದು ಇಂಗ್ಲೆಂಡಿನಲ್ಲಿ ಗಣಕಸೂತ್ರವೊಂದು ಅಧ್ಯಾಪಕರು ಅಂದಾಜಿಸಿದ ಶ್ರೇಣಿಗಳಲ್ಲಿ ಸುಮಾರು ಶೇ. 40ರಷ್ಟನ್ನು ತಗ್ಗಿಸಿತು. ಶಾಲೆಯ ಹಿಂದಿನ ಫಲಿತಾಂಶಗಳೂ ವಿದ್ಯಾರ್ಥಿಯ ಶ್ರೇಣಿಯನ್ನು ನಿರ್ಧರಿಸಿದ್ದವು. ಪ್ರತಿಭಟನೆಯ ಬಳಿಕ ಆಗಸ್ಟ್ 17ರಂದು ಅದನ್ನು ಕೈಬಿಡಲಾಯಿತು. ಇಲ್ಲಿ ಬಳಸಿದ್ದು ವಿದ್ಯಾರ್ಥಿಯ ಸ್ವಂತ ಅಂಕಗಳು. ಮರು ಪ್ರವೇಶ ಪಡೆದ ಅಭ್ಯರ್ಥಿಗಳನ್ನು ಮೊದಲು ಹೊರಗಿಟ್ಟಿದ್ದರೂ ಉಚ್ಚ ನ್ಯಾಯಾಲಯ ಪ್ರಶ್ನಿಸಿದ ಮೇಲೆ ಅವರನ್ನೂ ತೇರ್ಗಡೆ ಮಾಡಲಾಯಿತು.

ಮೇಲ್ಮನವಿಯ ಬಾಗಿಲು ಮಾತ್ರ ಕಿರಿದಾಗಿತ್ತು. ಕೇಂದ್ರೀಯ ಮಂಡಳಿಯ ಅಂದಾಜು ಯೋಜನೆಯನ್ನು 2021ರ ಜೂನ್ 17ರಂದು ಒಪ್ಪಿದ ಸರ್ವೋಚ್ಚ ನ್ಯಾಯಾಲಯವು ತಕರಾರು ಇತ್ಯರ್ಥದ ವ್ಯವಸ್ಥೆಯೂ ಇರಬೇಕೆಂದು ಸೂಚಿಸಿತ್ತು. ಕರ್ನಾಟಕದಲ್ಲಿ ಅಂಕಗಳನ್ನು ಒಪ್ಪದವರಿಗಿದ್ದ ದಾರಿ ಆಗಸ್ಟ್ 19ರಿಂದ ನಡೆದ ಪರೀಕ್ಷೆಯನ್ನು ಬರೆಯುವುದು. ಬಹುಪಾಲು ಖಾಸಗಿ ಅಭ್ಯರ್ಥಿಗಳೇ ಇದ್ದ ಆ ಪರೀಕ್ಷೆಗೆ ಹಾಜರಾದ 18,413 ಮಂದಿಯಲ್ಲಿ 5,507 ಮಂದಿ ತೇರ್ಗಡೆಯಾದರು. ಅಂದಾಜು ತಪ್ಪೆಂದು ತೋರಿಸಲು ಇನ್ನೊಮ್ಮೆ ಬಿತ್ತಿ ಬೆಳೆಯಬೇಕೆಂದಂತಾಯಿತು.

ನಿಜವಾದ ತಕರಾರು ಎದ್ದದ್ದು ಒಂದು ವರ್ಷದ ಬಳಿಕ. 2021ರ ಸಿಇಟಿ ಶ್ರೇಯಾಂಕಕ್ಕೆ ಪಿಯುಸಿ ಅಂಕಗಳನ್ನು ಪರಿಗಣಿಸಿರಲಿಲ್ಲ. 2022ರಲ್ಲಿ ಅರ್ಧಭಾಗ ಪಿಯುಸಿ ಅಂಕಗಳಿಗೆ ಎಂಬ ಹಳೆಯ ಕ್ರಮ ಮರಳಿತು. ಆದರೆ ಮತ್ತೆ ಸಿಇಟಿ ಬರೆದ 2021ರ ತಂಡದ ಸುಮಾರು 24 ಸಾವಿರ ಮಂದಿಗೆ ಅದು ಅನ್ವಯಿಸಲಿಲ್ಲ. ಜುಲೈ 30ರಂದು ಪ್ರಕಟವಾದ ಶ್ರೇಯಾಂಕಗಳನ್ನು ಅವರಲ್ಲಿ ಹಲವರು ಪ್ರಶ್ನಿಸಿದರು. ಸರ್ಕಾರವೇ ಅಂಕಪಟ್ಟಿಯಲ್ಲಿ ಮುದ್ರಿಸಿ ಕೊಟ್ಟ ಅಂಕಗಳು ಅಂಕಗಳೋ ಅಲ್ಲವೋ ಎಂಬುದು ಅಲ್ಲಿನ ಪ್ರಶ್ನೆ. ಸೆಪ್ಟೆಂಬರ್ 3ರಂದು ಏಕಸದಸ್ಯ ಪೀಠವು ಆ ಅಂಕಗಳನ್ನು ಪರಿಗಣಿಸುವಂತೆ ಆದೇಶಿಸಿತು. ಸರ್ಕಾರದ ಮೇಲ್ಮನವಿಯ ವೇಳೆ, 2021ರ ಅಂಕಗಳಿಂದ ಸರಾಸರಿ 6ರಷ್ಟನ್ನು ಕಳೆದು ಹೊಂದಿಸುವ ಸೂತ್ರವನ್ನು ಅದೇ ತಿಂಗಳು ವಿಭಾಗೀಯ ಪೀಠ ಒಪ್ಪಿತು. ಉದಾರವಾಗಿ ಅಳೆದು ಕೊಟ್ಟದ್ದರಲ್ಲಿ ಒಂದು ಪಾಲನ್ನು ಹಿಂದಕ್ಕೆ ಪಡೆದಂತಾಯಿತು; 2022ರ ವಿದ್ಯಾರ್ಥಿಗಳಿಗೆ ಅನ್ಯಾಯವಾಗಬಾರದೆಂಬ ಕಾಳಜಿಯೂ ಅದರಲ್ಲಿತ್ತು.

ಈ ಪ್ರಸಂಗವನ್ನು ಅವಲೋಕಿಸಿದಾಗ ಸೂತ್ರವನ್ನು ಬಹಿರಂಗಪಡಿಸುವುದು ಪಾರದರ್ಶಕತೆಯ ಅರ್ಧಭಾಗ ಮಾತ್ರವೆಂಬುದು ಸ್ಪಷ್ಟವಾಗುತ್ತದೆ. ಆ ಅಂಕ ಮುಂದೆ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನೂ ಅಳೆಯುವ ದಿನವೇ ತಿಳಿಸಬೇಕು. ಕಣದಲ್ಲಿ ಅಳೆದ ರಾಗಿ ಸಂತೆಯಲ್ಲೂ ಅಷ್ಟೇ ಕೊಳಗ ಇರಬೇಕೆಂಬುದು ರೈತನ ನಿರೀಕ್ಷೆ. 2021ರ ವಿದ್ಯಾರ್ಥಿಗಳು ನ್ಯಾಯಾಲಯದಲ್ಲಿ ಕೇಳಿದ್ದೂ ಅದನ್ನೇ.