ಲಂಘನವೀರ ಕನೀವೆಲ್

ಅಮೆರಿಕದ ಮೊಂಟಾನ ಸಂಸ್ಥಾನದಲ್ಲಿ, ತಾಮ್ರದ ಗಣಿಗಳನ್ನೇ ನಂಬಿ ಬೆಳೆದ ಬ್ಯೂಟ್ ಪಟ್ಟಣದಲ್ಲಿ, 1938ನೆಯ ಇಸವಿಯಲ್ಲಿ ಜನಿಸಿ, ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದ ರಾಬರ್ಟ್ ಕ್ರೇಗ್ ಕನೀವೆಲನು, ಎಳೆಯ ವಯಸ್ಸಿನಲ್ಲಿ ಜೋಯಿ ಚಿಟ್‌ವುಡ್ ಎಂಬಾತನ ಮೋಟಾರು ಸಾಹಸಪ್ರದರ್ಶನವನ್ನು ಕಂಡಂದಿನಿಂದ ಆ ಗೀಳನ್ನು ಬಿಡಲಾರದೆ ಹೋದನು. ಗಣಿಯ ಕೂಲಿ, ವಿಮೆಯ ವ್ಯವಹಾರ, ಬೈಕುಗಳ ವ್ಯಾಪಾರ, ಯಾವುದೂ ಅವನನ್ನು ಕಟ್ಟಿಹಾಕಲಿಲ್ಲ. ಬೈಕಿನ ಮೇಲಿನ ಲಂಘನಗಳಿಂದ ಈವೆಲ್ ಕನೀವೆಲ್ ಎಂದು ಲೋಕವಿಖ್ಯಾತನಾದ ಈತನಿಗೆ ಕೀರ್ತಿಯನ್ನು ತಂದುಕೊಟ್ಟವು ಅವನ ಜಯಗಳಿಗಿಂತಲೂ ಹೆಚ್ಚಾಗಿ ಅವನ ಪತನಗಳು. ಅದು ಅವನಿಗಿಂತ ಹೆಚ್ಚಾಗಿ ಅವನನ್ನು ನೋಡಲು ನೆರೆದವರ ಸ್ವಭಾವವನ್ನು ಹೇಳುತ್ತದೆಂದು ನಾನು ಬಗೆಯುತ್ತೇನೆ.

1967ರ ಡಿಸೆಂಬರ್ 31ರಂದು ಲಾಸ್ ವೇಗಸಿನ ಸೀಸರ್ಸ್ ಪ್ಯಾಲೇಸ್ ಹೋಟೆಲಿನ ಮುಂದಣ ಕಾರಂಜಿಗಳನ್ನು ಅವನು ಟ್ರಯಂಫ್ ಬೈಕಿನ ಮೇಲೆ ಹಾರಿದ ದೃಶ್ಯವು ಚಲಚ್ಚಿತ್ರದಲ್ಲಿ ಉಳಿದುಬಂದಿದೆ. ನೀರಿನ ತುಂತುರನ್ನು ದಾಟಿ ಬಂದ ಬೈಕು ಇಳಿಹಲಗೆಯ ಆಚೆಗೆ ತಲಪದೆ ಅಂಚಿನಲ್ಲೇ ಅಪ್ಪಳಿಸುತ್ತದೆ. ಹ್ಯಾಂಡಲು ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಸವಾರನು ಅದರ ಮೇಲಿಂದ ಮಗುಚಿಬಿದ್ದು, ಗಟ್ಟಿನೆಲದ ಮೇಲೆ ಹಳೆಯ ಬಟ್ಟೆಯ ಗಂಟಿನಂತೆ ಉರುಳುತ್ತ ಉರುಳುತ್ತ ದೂರ ಸಾಗುತ್ತಾನೆ. ಸೊಂಟದ ಮೂಳೆಯೂ ತೊಡೆಯ ಮೂಳೆಯೂ ಜಜ್ಜಿಹೋದವು. ಆ ಚಿತ್ರವು ಟೆಲಿವಿಷನ್ನಿನಲ್ಲಿ ಪ್ರಸಾರವಾದ ಬಳಿಕ ಅವನ ಹೆಸರನ್ನು ಅರಿಯದ ಮನೆಯೇ ಅಮೆರಿಕದಲ್ಲಿ ವಿರಳವಾಯಿತು.

ಈ ಪತನಗಳಿಗೆ ಧೈರ್ಯದ ಅತಿರೇಕವೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಅವನು ಮುಂದೆ ಬಳಸಿದ ಹಾರ್ಲೆ-ಡೇವಿಡ್‌ಸನ್ ಎಕ್ಸ್‌ಆರ್-750 ಬೈಕು ಮಣ್ಣಿನ ಓಟದ ಹಾದಿಗಾಗಿ ನಿರ್ಮಿತವಾದುದೇ ಹೊರತು ಆಕಾಶಕ್ಕೆ ನೆಗೆಯಲು ಅಲ್ಲ. ಅದರ ಶಾಕ್ ಅಬ್ಸಾರ್ಬರುಗಳು ಕೆಲವೇ ಅಂಗುಲಗಳಷ್ಟು ಕುಗ್ಗಬಲ್ಲವಾಗಿದ್ದುದರಿಂದ, ನೆಲಕ್ಕೆ ತಾಗಿದ ಪೆಟ್ಟಿನ ಬಹುಭಾಗವು ಸವಾರನ ಬೆನ್ನಿಗೇ ಏರುತ್ತಿತ್ತು. ಮುಂದೆ 1989ರಲ್ಲಿ ಅವನ ಮಗನಾದ ರಾಬಿಯು ಹಗುರವಾದ ಮೋಟೋಕ್ರಾಸ್ ಬೈಕಿನ ಮೇಲೆ ಅವೇ ಕಾರಂಜಿಗಳನ್ನು ಸುಕ್ಷೇಮವಾಗಿ ದಾಟಿದನು.

1974ರ ಸೆಪ್ಟೆಂಬರಿನಲ್ಲಿ ಸ್ನೇಕ್ ನದಿಯ ಕಮರಿಯನ್ನು ಉಗಿಬಲದ ರಾಕೆಟಿನಲ್ಲಿ ದಾಟಹೋದಾಗ ಪ್ಯಾರಾಶೂಟು ಅಕಾಲದಲ್ಲಿ ಬಿಚ್ಚಿಕೊಂಡು ಆ ಯತ್ನವು ವಿಫಲವಾಯಿತು. ಮರುವರ್ಷದ ಮೇ ತಿಂಗಳಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ 13 ಬಸ್ಸುಗಳನ್ನು ಹಾರಿ ಬಿದ್ದಾಗ, ಮುರಿದ ಸೊಂಟದಲ್ಲಿಯೂ ತನ್ನನ್ನು ಎತ್ತಿ ನಿಲ್ಲಿಸುವಂತೆ ಹೇಳಿ, ನೆರೆದ ಜನಕ್ಕೆ ತನ್ನ ನಿವೃತ್ತಿಯನ್ನು ತಾನೇ ಸಾರಿದನು. ಆದರೆ ಅದೇ ಅಕ್ಟೋಬರಿನಲ್ಲಿ ಒಹಾಯೋದ ಕಿಂಗ್ಸ್ ಐಲೆಂಡಿನಲ್ಲಿ 14 ಬಸ್ಸುಗಳನ್ನು ಹಾರಿ ಸುರಕ್ಷಿತವಾಗಿ ಇಳಿದನು!

1977ರಲ್ಲಿ, ತನ್ನ ವಿಷಯವಾಗಿ ಪುಸ್ತಕ ಬರೆದವನೊಬ್ಬನನ್ನು ಬೇಸ್‌ಬಾಲ್ ದಾಂಡಿನಿಂದ ಹೊಡೆದು ಸೆರೆಮನೆ ಸೇರಿದುದು ಅವನ ಚರಿತ್ರೆಯಲ್ಲಿ ಕ್ಷಮೆಗೆ ಎಡೆಯಿಲ್ಲದ ಅಧ್ಯಾಯ. ಮಕ್ಕಳ ಆಟಿಕೆಗಳ ಮೇಲಿದ್ದ ಅವನ ಹೆಸರು ಅಂದಿನಿಂದ ಅಳಿಸಿಹೋಯಿತು. ಅಂತ್ಯಕಾಲದಲ್ಲಿ ಯಕೃತ್ತಿನ ರೋಗವೂ ಶ್ವಾಸಕೋಶದ ವ್ಯಾಧಿಯೂ ಅವನನ್ನು ಕಾಡಿದವು. 2007ರ ನವೆಂಬರ್ 30ರಂದು, 69ನೆಯ ವಯಸ್ಸಿನಲ್ಲಿ, ಫ್ಲೋರಿಡಾದಲ್ಲಿ ತೀರಿಕೊಂಡ ಅವನ ದೇಹವನ್ನು ಬ್ಯೂಟಿಗೆ ಒಯ್ದು ಸಮಾಧಿ ಮಾಡಿದರು. ಅವನ ಎಕ್ಸ್‌ಆರ್-750 ಬೈಕು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ.