ಇಬ್ಬರು ಸಿದ್ದಪ್ಪರು

ದಾವಣಗೆರೆಯಲ್ಲಿ ನಮಗೆ ಸಿನಿಮಾ ನೋಡುವುದನ್ನು ಕಲಿಸಿದ್ದು ನಾಟಕ ಕಂಪನಿಗಳು. ಅಶೋಕ, ಗೀತಾಂಜಲಿ ಟಾಕೀಸುಗಳಿಂದ ಜನ ಹೊರಬೀಳುವಾಗ ಕ್ಯಾಮೆರಾ, ನಿರ್ದೇಶನ ಅಂತೆಲ್ಲ ಮಾತು ಬರುತ್ತಿರಲಿಲ್ಲ. ‘ಪಾರ್ಟು ಹೆಂಗ್ ಮಾಡ್ಯಾನ?’ ಅಷ್ಟೇ. ಕಾಟನ್ ಮಿಲ್ಲಿನ ಪಾಳಿ ಮುಗಿಸಿ ಸೆಕೆಂಡ್ ಶೋಗೆ ಬರುತ್ತಿದ್ದ ಅಪ್ಪನ ಜೊತೆಗಾರರೆಲ್ಲ ಕಂಪನಿ ನಾಟಕಗಳಲ್ಲಿ ನೆಲಕ್ಕೆ ಕೂತು ಬೆಳಗು ಮಾಡಿದವರು. ಮಾತು ಸ್ಪಷ್ಟವಿಲ್ಲದ ನಟ, ಎಷ್ಟೇ ಚೆಂದವಿರಲಿ, ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ.

1974ರಲ್ಲಿ ಬಂದ ‘ಸಂಪತ್ತಿಗೆ ಸವಾಲ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಮೊದಲು ಪಿ.ಬಿ. ಧುತ್ತರಗಿಯವರ ನಾಟಕ. ಉತ್ತರ ಕರ್ನಾಟಕದ ಕಂಪನಿಗಳು ಊರೂರಲ್ಲಿ ಆಡಿ ಹಣ ಎಣಿಸಿದ ನಾಟಕ. ಸಿನಿಮಾದ ಸಾಹುಕಾರ್ ಸಿದ್ದಪ್ಪ ವಜ್ರಮುನಿ. ಅವರೂ ‘ಪ್ರಚಂಡ ರಾವಣ’ ಆಡಿ ಬಂದವರೇ. ದುಗ್ಗಮ್ಮನ ಜಾತ್ರೆಯ ಕ್ಯಾಂಪಿನಲ್ಲಿ ಇದೇ ನಾಟಕ ನೋಡಿದಾಗ ಇಬ್ಬರು ಸಿದ್ದಪ್ಪರನ್ನು ಹೋಲಿಸಿದೆ. ವಜ್ರಮುನಿಗೆ ಕಣ್ಣು ಕೆಂಪಗಾದರೆ ಸಾಕಿತ್ತು, ಪರದೆ ತುಂಬ ಆ ಕಣ್ಣೇ. ಜಾತ್ರೆಯ ಸಿದ್ದಪ್ಪನಿಗೆ ಆ ಅನುಕೂಲ ಎಲ್ಲಿ ಬರಬೇಕು? ಹೆಗಲ ಮೇಲಿನ ಶಲ್ಯ ಕೊಡವಿ, ಒಂದು ಗಳಿಗೆ ಸುಮ್ಮನೆ ನಿಂತು, ನಿಧಾನವಾಗಿ ಬೆನ್ನು ತಿರುಗಿಸಿದ. ತಗಡಿನ ಗೋಡೆಗೆ ಒರಗಿ ನಿಂತಿದ್ದವರಿಗೂ ಅವನ ಸೊಕ್ಕು ತಲುಪಿತು. ಪಕ್ಕದಲ್ಲಿ ಮಂಡಕ್ಕಿ ತಿನ್ನುತ್ತಿದ್ದ ಅವ್ವ, ‘ಬಾಯಿ ತೆಗೀಲಿಲ್ಲ ನೋಡು, ಬೆನ್ನಾಗ ಮಾಡಿಬಿಟ್ಟ’ ಅಂದಳು. ಅಭಿನಯದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು.

ಅದೇ ಸಿನಿಮಾದಲ್ಲಿ ರಾಜ್‌ಕುಮಾರ್ ‘ಯಾರೇ ಕೂಗಾಡಲಿ’ ಹಾಡನ್ನು ತಾವೇ ಹಾಡಿದರು. ಆಮೇಲೆ ಅವರ ಹಾಡು ಅವರದೇ ದನಿಯಲ್ಲಿ ಬರುವುದು ರೂಢಿಯಾಯಿತು. ಪತ್ರಿಕೆಗಳಿಗೆ ಅದು ಹೊಸ ಸುದ್ದಿ. ಹಳೆಯ ಕಂಪನಿ ಪ್ರೇಕ್ಷಕರಿಗೆ ಮಾತ್ರ ಅದರಲ್ಲಿ ಹೊಸದೇನೂ ಇರಲಿಲ್ಲ. ಅವರು ಕಂಡ ನಾಯಕನಟರೆಲ್ಲ ತಮ್ಮ ಹಾಡು ತಾವೇ ಹಾಡಿದವರು. ಗುಬ್ಬಿ ಕಂಪನಿಯಲ್ಲಿ ಪಳಗಿದ ಈ ನಟನ ದನಿಗೆ ಅಷ್ಟು ವರ್ಷ ಬೇರೆಯವರ ಹಾಡು ಕೂಡಿಸಿದ್ದೇ ನನಗೆ ವಿಚಿತ್ರವೆನಿಸುತ್ತದೆ.

ನಮ್ಮೂರಿನ ಹೆಮ್ಮೆ ಕೆ.ಬಿ.ಆರ್. ಡ್ರಾಮಾ ಕಂಪನಿ, ಚಿಂದೋಡಿ ವೀರಪ್ಪನವರ ಮನೆತನದ್ದು. ಅವರ ಮಗಳು ಚಿಂದೋಡಿ ಲೀಲಾ. ‘ಪೊಲೀಸನ ಮಗಳು’ ಎಂದರೆ ಹರಿಹರ, ರಾಣೆಬೆನ್ನೂರು ಕಡೆಯ ಹಿರಿಯರ ಮುಖ ಈಗಲೂ ಅರಳುತ್ತದೆ. 1971ರ ‘ಶರಪಂಜರ’ದಂಥ ಸಿನಿಮಾಗಳಲ್ಲೂ ಲೀಲಾ ಕಾಣಿಸಿಕೊಂಡರು. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಕನ್ನಡ ಸಿನಿಮಾ ಆಕೆಗೆ ತಕ್ಕ ಪಾತ್ರ ಕೊಡಲಿಲ್ಲ. ರಂಗದ ಮೇಲೆ ಇಡೀ ಕಂಪನಿಯನ್ನು ಹೊತ್ತ ಹೆಂಗಸಿಗೆ ಪರದೆಯ ಮೇಲೆ ಸಿಕ್ಕಿದ್ದು ಮೂಲೆಯ ಜಾಗ. 1988ರಲ್ಲಿ ಪದ್ಮಶ್ರೀ ಬಂತು, 2010ರ ಜನವರಿಯಲ್ಲಿ ತೀರಿಕೊಂಡರು.

ಅದೇ ಮನೆತನದ ಚಿಂದೋಡಿ ಬಂಗಾರೇಶ್ 1995ರಲ್ಲಿ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ನಿರ್ದೇಶಿಸಿದರು. ಸಂಗೀತಕ್ಕೆ ಹಂಸಲೇಖ, ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಇಬ್ಬರಿಗೂ ರಾಷ್ಟ್ರಪ್ರಶಸ್ತಿ. ಅಂಧ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿ ನಡೆಸಿದ ಗದಗಿನ ಪುಣ್ಯಾಶ್ರಮದ ಕಥೆಯನ್ನು ಇನ್ನೊಂದು ಕಂಪನಿಯ ಮನೆಯವರು ತೆರೆಗೆ ತಂದದ್ದು ನ್ಯಾಯವಾಗಿಯೇ ಇತ್ತು.

ಕಂಪನಿ ನಾಟಕ ಸೊರಗಿದ್ದಕ್ಕೆ ಟೀವಿಯೊಂದನ್ನೇ ದೂರುವುದನ್ನು ನಾನು ಒಪ್ಪುವುದಿಲ್ಲ. ಮೇಲಿಂದ ಮೈಕು ಇಳಿಬಿಟ್ಟ ಮೇಲೆ ನಟರು ಅದರ ಕೆಳಗೆ ಬಂದು ನಿಂತು ಮಾತು ಒಪ್ಪಿಸತೊಡಗಿದರು. ರಂಗದ ತುಂಬ ಓಡಾಡುತ್ತಿದ್ದ ಕಾಲುಗಳು ನಿಂತುಹೋದವು. ಹಾಸ್ಯದ ಹೆಸರಲ್ಲಿ ಎರಡರ್ಥದ ಮಾತು ಹೆಚ್ಚಿದಂತೆ ಅವ್ವನಂಥವರು ಬರುವುದು ಬಿಟ್ಟರು. ಹೆಂಗಸರು ಬಾರದ ಕಂಪನಿಗೆ ಕಲೆಕ್ಷನ್ ಎಲ್ಲಿಂದ ಬರಬೇಕು?

ಆದರೂ ಈಗಲೂ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೆ ಕಂಪನಿಗಳು ಬಂದು ತಗಡು ಕಟ್ಟುತ್ತವೆ. ಮುಂದಿನ ಜಾತ್ರೆಗೆ ಬಂದಾಗ ತೊಟ್ಟಿಲು ಹತ್ತಿ ಇಳಿದ ಮೇಲೆ ಒಂದು ನಾಟಕದ ಟಿಕೆಟ್ ತಗೊಳ್ಳಿ. ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ, ಪಾರ್ಟು ಹೆಂಗಿತ್ತು ಅಂತ ಅವರನ್ನೇ ಕೇಳಿ.