ಸಂದರ್ಶನದ ಅಂಕಗಳು

ಹಳೆಯ ವಿದ್ಯಾರ್ಥಿಯೊಬ್ಬನು ಈಚೆಗೆ ದೂರವಾಣಿಯಲ್ಲಿ, "ಮೇಷ್ಟ್ರೇ, ಮಗಳಿಗೆ ನೀಟ್‌ನಲ್ಲಿ ಅಂಕ ಕಡಿಮೆ ಬಂದಿದೆ. ನಿಮ್ಮ ಕಾಲದಲ್ಲಿ ಇಂಥವರು ಡಾಕ್ಟರಾಗುತ್ತಿರಲಿಲ್ಲವೇ?" ಎಂದು ಕೇಳಿದನು. ಆಗುತ್ತಿದ್ದರು. ನಮ್ಮ ಮನೆಯಲ್ಲಿಯೇ ಒಬ್ಬನಿದ್ದನು.

1963ರ ಮಾತು. ಆಗ ನಮ್ಮದು ಮೈಸೂರು ರಾಜ್ಯ. ನಾನೂ, ನನಗಿಂತ ಆರು ತಿಂಗಳು ಕಿರಿಯನಾದ ಚಿಕ್ಕಪ್ಪನ ಮಗನೂ ಒಟ್ಟಿಗೆ ಪಿ.ಯು.ಸಿ. ಮುಗಿಸಿದ್ದೆವು. ಭೌತಶಾಸ್ತ್ರ ಅವನ ಕೈ ಹಿಡಿದಿರಲಿಲ್ಲ. ಆದರೆ ಎನ್.ಸಿ.ಸಿ. ಕವಾಯತಿನಲ್ಲಿ, ನಾಟಕದಲ್ಲಿ, ಚರ್ಚಾಸ್ಪರ್ಧೆಯಲ್ಲಿ ಅವನೇ ಮುಂದು. (ನಾನು ವೇದಿಕೆಯೇರಿದರೆ ನಡುಗುತ್ತಿದ್ದೆ. ಮುಂದೆ ಮೇಷ್ಟ್ರಾದದ್ದು ವಿಧಿಯ ವಿನೋದ.)

ಆ ವರ್ಷ ಸರ್ಕಾರವು ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಆಯ್ಕೆಗೆ ಸಂದರ್ಶನವನ್ನು ಇಟ್ಟಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇ. 25ರಷ್ಟು ಸಂದರ್ಶನಕ್ಕೆ ಮೀಸಲು. ಅಂದರೆ 300ಕ್ಕೆ 75ರ ಲೆಕ್ಕ. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್.ಸಿ.ಸಿ., ಕ್ರೀಡೆ, ಸಮಾಜಸೇವೆ, ಚರ್ಚೆ, ನಾಟಕ ಇವೆಲ್ಲವೂ ಗಣನೆಗೆ ಬರುತ್ತಿದ್ದವು. ತಮ್ಮನಿಗೆ ಸೀಟು ದೊರೆಯಿತು. ಚಿಕ್ಕಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದರು.

ಅಷ್ಟರಲ್ಲಿ ಸೀಟು ಸಿಗದ ಕೆಲವರು ಹೈಕೋರ್ಟಿಗೆ ಹೋದರು. ಸಂದರ್ಶನಗಳು ಸರಿಯಾಗಿ ನಡೆದಿಲ್ಲವೆಂದು ನ್ಯಾಯಾಲಯ ಅವುಗಳನ್ನು ರದ್ದುಗೊಳಿಸಿ, ಹೊಸದಾಗಿ ನಡೆಸುವಂತೆ ಹೇಳಿತು. ತಮ್ಮನ ಸೀಟು ಉಳಿಯುವುದೋ ಇಲ್ಲವೋ ಎಂಬ ಚಿಂತೆಯಲ್ಲಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಅರ್ಜಿದಾರರು ಸುಪ್ರೀಂ ಕೋರ್ಟಿನವರೆಗೂ ಹೋದರು. 1964ರ ಜನವರಿ 29ರಂದು 'ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ' ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಸುಬ್ಬರಾವ್ ಅವರು ಬಹುಮತದ ತೀರ್ಪು ಬರೆದು, ಸಂದರ್ಶನದ ಪದ್ಧತಿಯನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಮುಧೋಳ್ಕರ್ ಅವರು ಒಪ್ಪಲಿಲ್ಲ.

ತಮ್ಮನು ಡಾಕ್ಟರಾಗಿ ಹೋಬಳಿಯೊಂದರಲ್ಲಿ ಮೂವತ್ತು ವರ್ಷ ದುಡಿದನು. "ಅಂಕವೇ ಎಲ್ಲವೂ ಅಲ್ಲ" ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದ ಕಥೆಯ ನಾಯಕ ಅವನೇ, ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು.

ನಿವೃತ್ತನಾದ ಮೇಲೆ ಆ ತೀರ್ಪನ್ನು ಪೂರ್ತಿಯಾಗಿ ಓದಿದೆನು. ಸೀಟು ಪಡೆದ ಕೆಲವರಿಗಿಂತ ಪರೀಕ್ಷೆಯಲ್ಲಿ ತಮಗೆ ಹೆಚ್ಚು ಅಂಕಗಳಿದ್ದವೆಂಬುದು ಅರ್ಜಿದಾರರ ದೂರು. ಆ 'ಕೆಲವರ'ಲ್ಲಿ ನನ್ನ ತಮ್ಮನೂ ಸೇರಿರಬಹುದೆಂಬುದು ಅಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ.

ಮುಂದೆ 1980ರಲ್ಲಿ ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಮೊಕದ್ದಮೆಯೊಂದು ಬಂದಿತು. ಎರಡು ಮೂರು ನಿಮಿಷಗಳಲ್ಲಿ ತಂದೆಯ ಹೆಸರು, ಊರು ಕೇಳಿ ಕಳುಹಿಸಿದ್ದ ಸಂದರ್ಶನಕ್ಕೆ ಮೂರನೆಯ ಒಂದು ಭಾಗ ಅಂಕ ಕೊಟ್ಟದ್ದು ತಪ್ಪೆಂದೂ, ಶೇ. 15ನ್ನು ಮೀರಬಾರದೆಂದೂ ಸುಪ್ರೀಂ ಕೋರ್ಟು ಹೇಳಿತು. ಅಷ್ಟರಲ್ಲಿ ಕಡಿಮೆ ಅಂಕದವರಿಗೆ ಹಣದ ಬಾಗಿಲು ತೆರೆದಿತ್ತು. 1992ರ ಮೋಹಿನಿ ಜೈನ್ ಮೊಕದ್ದಮೆಯ ವೇಳೆಗೆ ನಮ್ಮ ರಾಜ್ಯದಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000. ನನ್ನ ವಿದ್ಯಾರ್ಥಿಯ ಮಗಳ ಮುಂದಿರುವುದೂ ಈ ಬಾಗಿಲೇ. ಸಂದರ್ಶನದ ಬಾಗಿಲು ಈಗಿಲ್ಲ.

ತೀರ್ಪಿನ ಪ್ರತಿಯನ್ನು ತಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಓದಿದನು. ಮಡಿಚಿ ನನ್ನ ಕೈಗಿಟ್ಟು, "ಅಣ್ಣಾ, ಅವರಿಗೆ ಮುಂದೆ ಸೀಟು ಸಿಕ್ಕಿತೇ?" ಎಂದು ಕೇಳಿದನು.